ಮೊದಲ ಉತ್ತರದಲ್ಲಿ ನಿಲ್ಲದ ಪಾಠ



ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. 2015ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದವಳು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಮಗಳು. ಪಿಯುಸಿಯಲ್ಲಿ ವಿಜ್ಞಾನ ಓದಿದ ಈಕೆ, ಬಂಧುಬಳಗವೆಲ್ಲ ಎಂಜಿನಿಯರಿಂಗ್ ಎಂದು ಜಪಿಸುತ್ತಿದ್ದಾಗ ಹಠ ಹಿಡಿದು ಬೆಂಗಳೂರಿಗೆ ಹೋಗಿ ಗ್ರಾಫಿಕ್ ಡಿಸೈನ್ ಕಲಿತಳು. ಈಗ ಅಲ್ಲಿಯೇ ಕೆಲಸದಲ್ಲಿದ್ದಾಳೆ. "ಬರೆಯುವುದಾದರೆ ಬರೆಯಿರಿ ಸಾರ್, ಹೆಸರು ಮಾತ್ರ ಬೇಡ" ಎಂದಿದ್ದಾಳೆ. ಅವಳ ಓರಗೆಯವರು ಊಹಿಸಿದರೆ ಅದಕ್ಕೆ ನಾನು ಹೊಣೆಯಲ್ಲ!

ಮೊದಲೇ ಒಂದು ಮಾತು ಒಪ್ಪಿಸಿಬಿಡುತ್ತೇನೆ. ಅವಳು ಆ ಓದಿಗೆ ಹೋಗುವ ಮುನ್ನ ಅವಳ ತಂದೆ ನನ್ನ ಬಳಿ ಬಂದು, "ಮೇಷ್ಟ್ರೇ, ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳಿದ್ದರು. "ಹವ್ಯಾಸಕ್ಕೆ ಇರಲಿ, ಓದಿಗೆ ಬೇಡ" ಎಂದು ಹೇಳಿ ಕಳುಹಿಸಿದವನು ನಾನೇ. ಪುಣ್ಯಕ್ಕೆ ಮಗಳ ಹಠ ನನ್ನ ಬುದ್ಧಿಮಾತಿಗಿಂತ ಗಟ್ಟಿಯಾಗಿತ್ತು.

ಅಂದು ಅವಳು ತನ್ನ ಚೀಲದಿಂದ ಹಳೆಯದೊಂದು ನೋಟುಪುಸ್ತಕ ತೆಗೆದು ನನ್ನ ಮುಂದಿಟ್ಟಳು. 2017ರ ಮೊದಲ ಸೆಮಿಸ್ಟರಿನ ಪುಸ್ತಕ. ಪುಟಪುಟದಲ್ಲೂ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಚೌಕಗಳು, ಚೌಕದೊಳಗೆ ಕಪ್ಪು ಮಸಿಯ ಪುಟ್ಟ ಪುಟ್ಟ ಚಿತ್ರಗಳು. ಇವಕ್ಕೆ ಅವರು 'ತಂಬ್‌ನೇಲ್' ಎಂದೇ ಹೆಸರಿಟ್ಟಿದ್ದಾರೆ. ಎರಡು ಲೋಟ ಕಾಫಿ ಮುಗಿಯುವವರೆಗೆ ಅವಳು ಹೇಳಿದ್ದನ್ನು, ಅದನ್ನು ಕೇಳಿ ಈ ಮುದಿ ಮೇಷ್ಟ್ರಿಗೆ ಅನಿಸಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಆ ತರಗತಿಯ ಅಧ್ಯಾಪಕಿ ಮೊದಲ ವಾರವೇ ಕೊಟ್ಟ ಕೆಲಸ ಇದು: ನಿಮ್ಮ ಊರಿನ ಒಂದು ಪದಾರ್ಥವನ್ನು ಆರಿಸಿಕೊಳ್ಳಿ, ಅದನ್ನು ಮಾರುವ ಒಂದು ಕಾಲ್ಪನಿಕ ಸಂಸ್ಥೆಗೆ ಲಾಂಛನ ರಚಿಸಿ. ಕಂಪ್ಯೂಟರ್ ಮುಟ್ಟುವಂತಿಲ್ಲ. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಪೆನ್ನಿನಲ್ಲೇ ಬರೆಯಬೇಕು. ಒಂದಲ್ಲ, ಎರಡಲ್ಲ, ಮೂವತ್ತು ಬೇರೆ ಬೇರೆ ಕಲ್ಪನೆಗಳು ಬೇಕು. ವಾರದ ಕೊನೆಗೆ ಎಲ್ಲರೂ ತಮ್ಮ ಹಾಳೆಗಳನ್ನು ಗೋಡೆಗೆ ಅಂಟಿಸಬೇಕು.

ನಮ್ಮ ಹುಡುಗಿ ಸಹಜವಾಗಿಯೇ ಕೊಬ್ಬರಿಯನ್ನು ಆರಿಸಿಕೊಂಡಳು. ಅರ್ಧ ಗಂಟೆಯಲ್ಲಿ ಐದು ಚಿತ್ರಗಳು ಮುಗಿದವು: ತೆಂಗಿನ ಮರ, ಮರದ ಹಿಂದೆ ಸೂರ್ಯ, ಎರಡು ಹೋಳಾದ ಕಾಯಿ, ಗರಿಯ ಮೇಲೊಂದು ಕಾಯಿ, ಕಾಯಿಯ ಮೂರು ಕಣ್ಣು. ಆರನೆಯದಕ್ಕೆ ಪೆನ್ನು ನಿಂತಿತು. ಹತ್ತು ಹನ್ನೆರಡರ ಹೊತ್ತಿಗೆ ತಾನು ಈ ಓದಿಗೇ ಅಯೋಗ್ಯಳೆಂದು ತೋರಿ ಹಾಸ್ಟೆಲಿನಲ್ಲಿ ಕುಳಿತು ಅತ್ತಳಂತೆ.

ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಅವಳ ತಾಯಿ, "ಅಟ್ಟದ ಮೇಲಿನ ಕಾಯಿ ಕುಲುಕಿ ನೋಡಿ ಇಳಿಸುತ್ತಿದ್ದೇವೆ, ಆಮೇಲೆ ಮಾತಾಡುತ್ತೇನೆ" ಎಂದು ಫೋನ್ ಇಟ್ಟರಂತೆ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದೂರದಲ್ಲಿರುವ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಒಣಗಿ ಕುಗ್ಗಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿದರೆ ಕೊಬ್ಬರಿ ಒಳಗೆ ಲೊಡಲೊಡ ಎಂದು ಸದ್ದು ಮಾಡುತ್ತದೆ. ಆ ಸದ್ದೇ ಕೊಬ್ಬರಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅದನ್ನೇ ಚಿತ್ರವಾಗಿ ಬರೆಯಬಹುದಲ್ಲ ಎಂದು ಅವಳಿಗೆ ಅಂದು ಮೊದಲ ಬಾರಿಗೆ ಹೊಳೆಯಿತು. ಪುಸ್ತಕದಲ್ಲಿ 23ನೆಯ ಚೌಕ ನೋಡಿದೆ. ಒಂದು ದಪ್ಪ ಬಳೆ. ಅದರೊಳಗೆ ಒಂದು ಕಪ್ಪು ದುಂಡು. ಆದರೆ ದುಂಡು ನಡುವಿನಲ್ಲಿಲ್ಲ. ಒಂದು ಬದಿಗೆ ಸರಿದು, ಬಳೆಯನ್ನು ಮುಟ್ಟದೆ ನಿಂತಿದೆ. ಅಷ್ಟೇ. ಮರವಿಲ್ಲ, ಗರಿಯಿಲ್ಲ. ಆದರೂ ನೋಡುತ್ತಿದ್ದಂತೆ ನನ್ನ ಕಿವಿಯಲ್ಲಿ ಲೊಡಲೊಡ ಕೇಳಿಸಿತು ಎಂದರೆ ನೀವು ನಂಬಬೇಕು.

ವಾರದ ಕೊನೆಗೆ ಹಾಳೆಗಳು ಗೋಡೆಗೇರಿದವು. ಅಧ್ಯಾಪಕಿ ಎಲ್ಲರ ಮೊದಲ ಐದು ಚಿತ್ರಗಳ ಮೇಲೆ ಒಂದೊಂದು ಬಿಳಿ ಹಾಳೆ ಮುಚ್ಚಿ, "ಇವು ತಪ್ಪಲ್ಲ. ಆದರೆ ಇವು ನಿಮ್ಮವೂ ಅಲ್ಲ, ಎಲ್ಲರವು. ನಿಮ್ಮ ಊರನ್ನು ನೋಡದವರೂ ಇವನ್ನು ಬರೆಯಬಲ್ಲರು" ಎಂದರಂತೆ. ಮೈಸೂರಿನ ಹುಡುಗನ ಐದರಲ್ಲಿ ಮೂರು ಅರಮನೆ, ಚನ್ನಪಟ್ಟಣದವಳ ಐದರಲ್ಲಿ ನಾಲ್ಕು ಮರದ ಕುದುರೆ. ಮೊದಲು ಹೊಳೆಯುವುದು ನಮ್ಮ ಬುದ್ಧಿಯಲ್ಲ, ನಮ್ಮ ರೂಢಿ ಎಂದು ಅವಳಿಗೆ ಅಂದು ತಿಳಿಯಿತು.

ಅಲ್ಲಿಗೂ ಮುಗಿಯಲಿಲ್ಲ. 23ನೆಯದನ್ನು ಆರಿಸಿದ ಮೇಲೆ ಅಧ್ಯಾಪಕಿ ಇನ್ನೊಂದು ತೊಡಕು ತಂದೊಡ್ಡಿದರು: ನಿಮ್ಮ ಸರಕು ಹೋಗುವುದು ಗೋಣಿಚೀಲದಲ್ಲಲ್ಲವೇ, ಹಾಗಾದರೆ ತಗಡಿನಲ್ಲಿ ಕೊರೆದು ಮಸಿ ಬಳಿಯುವ ಅಚ್ಚಿಗೆ ಇದು ಒಗ್ಗಬೇಕು. ಅವಳು ರಟ್ಟಿನಲ್ಲಿ ಕೊರೆದು ನೋಡಿದಳು. ಬಳೆಯ ಆಕಾರವನ್ನು ಪೂರ್ತಿ ಕೊರೆದೊಡನೆ ಅದರ ಒಳಗಿನ ರಟ್ಟೆಲ್ಲ ಕಳಚಿ ಕೆಳಗೆ ಬಿತ್ತು! ಒಳಭಾಗ ನಿಲ್ಲಬೇಕಾದರೆ ಬಳೆಗೆ ಅಡ್ಡಲಾಗಿ ಎಲ್ಲಿಯಾದರೂ ಕೊರೆಯದ ಸೇತುವೆ ಉಳಿಸಬೇಕು. ಎರಡು ಕಡೆ ಉಳಿಸಿದಳು. ಬಳೆ ಎರಡು ಕಮಾನುಗಳಾಗಿ ಒಡೆಯಿತು. ಈಗ ಅದು ಒಡೆದ ಕರಟದಂತೆಯೂ ಕಾಣತೊಡಗಿತು, ಒಳಗೆ ಇಡಿಯಾಗಿ ಉಳಿದ ಕೊಬ್ಬರಿ! ತೊಡಕೆಂದು ಬಂದದ್ದು ಚಿತ್ರಕ್ಕೆ ಇನ್ನೊಂದು ಅರ್ಥ ಕೊಟ್ಟು ಹೋಯಿತು.

ಅದು ತರಗತಿಯ ಅಭ್ಯಾಸ ಮಾತ್ರ. ಯಾವ ಚೀಲದ ಮೇಲೂ ಅಚ್ಚಾಗಲಿಲ್ಲ. ಆದರೆ ರಜೆಯಲ್ಲಿ ಊರಿಗೆ ಬಂದಾಗ ತಂದೆಗೆ ತೋರಿಸಿದಳಂತೆ. ಅವರು ಒಂದು ಗಳಿಗೆ ನೋಡಿ, ಏನೂ ಕೇಳದೆ, ಬರಿಗೈಯನ್ನು ಕಿವಿಯ ಬಳಿ ಒಯ್ದು ಕುಲುಕಿದರಂತೆ. "ಸಾರ್, ಆ ದಿನ ನನ್ನ ಓದಿಗೆ ಅಪ್ಪನ ಒಪ್ಪಿಗೆ ಸಿಕ್ಕಿತು" ಎಂದಳು.

ಅವಳು ಹೋದ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲೇ ಕುಳಿತಿದ್ದೆ. ಕಾರಣ ಹೇಳುತ್ತೇನೆ.

1980ರ ದಶಕದಲ್ಲಿ ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಸೃಜನಶೀಲತೆಯ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಗ್ರಹಾಂ ವಾಲಸ್ 1926ರಲ್ಲಿ ಹೇಳಿದ ನಾಲ್ಕು ಹಂತಗಳನ್ನು, ಅಂದರೆ ಸಿದ್ಧತೆ, ಪರಿಪಾಕ, ಹೊಳಹು, ಪರಿಶೀಲನೆ ಎಂಬವನ್ನು, ಅಚ್ಚುಕಟ್ಟಾಗಿ ಬರೆದಿದ್ದೆ. ಜೆ. ಪಿ. ಗಿಲ್ಫರ್ಡ್ 1950ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆಯ ಅಧ್ಯಯನಕ್ಕೆ ಕರೆಕೊಟ್ಟದ್ದನ್ನು, ಮುಂದೆ ಒಂದೇ ಸರಿಯುತ್ತರದ ಕಡೆಗೆ ಸಾಗುವ ಒಮ್ಮುಖ ಚಿಂತನೆಯನ್ನೂ ಹಲವು ಉತ್ತರಗಳನ್ನು ಹುಡುಕುವ ಬಹುಮುಖ ಚಿಂತನೆಯನ್ನೂ ಬೇರ್ಪಡಿಸಿ ತೋರಿಸಿದ್ದನ್ನು ಬರೆದಿದ್ದೆ. ಒಂದು ಇಟ್ಟಿಗೆಯಿಂದ ಏನೇನು ಉಪಯೋಗವಿದೆ ಎಂದು ಕೇಳುವ ಪರೀಕ್ಷೆಯ ಉದಾಹರಣೆಯನ್ನೂ ಸೇರಿಸಿ ಒಳ್ಳೆಯ ಅಂಕ ಗಳಿಸಿದ್ದೆ. ಆಮೇಲೆ ಮೂವತ್ತನಾಲ್ಕು ವರ್ಷ ಜೀವಶಾಸ್ತ್ರ ಪಾಠ ಮಾಡಿದೆ. ಒಂದು ದಿನವಾದರೂ ಮಕ್ಕಳ ಮುಂದೆ ಒಂದು ಇಟ್ಟಿಗೆ ಇಟ್ಟು, ಇದರಿಂದ ಏನೇನು ಮಾಡಬಹುದು ಎಂದು ಕೇಳಲಿಲ್ಲ. ಸೃಜನಶೀಲತೆಯ ಪಾಠವನ್ನೇ ಕಂಠಪಾಠ ಮಾಡಿ ಪಾಸಾದವನು ನಾನು!

ಆ ಹುಡುಗಿಯ ಕತೆಯಲ್ಲಿ ವಾಲಸನ ನಾಲ್ಕು ಹಂತಗಳೂ ಇವೆ ಎಂಬುದನ್ನು ಗಮನಿಸಿ. ಇಪ್ಪತ್ತೆರಡು ಚೌಕಗಳ ಪರದಾಟ ಸಿದ್ಧತೆ. ಅತ್ತು, ಸೋತು, ಫೋನ್ ಮಾಡಿದ ಆ ರಾತ್ರಿ ಪರಿಪಾಕ. ತಾಯಿಯ ಮಾತಿನಿಂದ ಹೊಳಹು. ರಟ್ಟು ಕೊರೆದು ನೋಡಿದ್ದು ಪರಿಶೀಲನೆ. ಹೊಳಹು ದೇವರ ವರದಂತೆ ಬಂತೆಂದು ಹೇಳುವವರು ಮೊದಲಿನ ಇಪ್ಪತ್ತೆರಡನ್ನು ಮರೆಯುತ್ತಾರೆ. ಅವನ್ನು ಬರೆಯದೆ ಇದ್ದಿದ್ದರೆ ತಾಯಿಯ ಮಾತು ಅವಳಿಗೆ ಬರಿಯ ಮನೆಯ ಸುದ್ದಿಯಾಗಿ ಉಳಿಯುತ್ತಿತ್ತು.

ಇಂತಹ ಅಭ್ಯಾಸ ಹೊಸದೇನೂ ಅಲ್ಲ. ಜರ್ಮನಿಯಲ್ಲಿ 1919ರಲ್ಲಿ ಆರಂಭವಾಗಿ 1933ರಲ್ಲಿ ಮುಚ್ಚಿಹೋದ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಯೋಸೆಫ್ ಆಲ್ಬರ್ಸ್ ಎಂಬ ಅಧ್ಯಾಪಕರಿದ್ದರು. ಅವರ ಮೊದಲ ದಿನದ ಪಾಠವನ್ನು ವಿದ್ಯಾರ್ಥಿಯಾಗಿದ್ದ ಹಾನೆಸ್ ಬೆಕ್‌ಮನ್ ಮುಂದೆ ನೆನಪಿಸಿಕೊಂಡಿದ್ದಾರೆ. ಆಲ್ಬರ್ಸ್ ಒಂದು ಕಟ್ಟು ವೃತ್ತಪತ್ರಿಕೆ ತಂದು ಹಂಚಿ, ಈ ಕಾಗದದ ಗುಣವರಿತು, ಸಾಧ್ಯವಾದರೆ ಕತ್ತರಿ ಅಂಟು ಏನೂ ಬಳಸದೆ, ಇದರಿಂದ ಏನಾದರೂ ಮಾಡಿ ಎಂದು ಹೇಳಿ ಹೊರಟುಹೋದರು. ಗಂಟೆಗಳ ನಂತರ ಬಂದು ನೋಡಿದರೆ ಕೋಟೆ, ವಿಮಾನ, ಪ್ರಾಣಿ, ಮುಖವಾಡಗಳು ಸಿದ್ಧವಾಗಿದ್ದವು. ಅವನ್ನೆಲ್ಲ ಬೇರೆ ವಸ್ತುವಿನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಎಂದು ಬದಿಗಿಟ್ಟ ಆಲ್ಬರ್ಸ್, ಹಂಗೆರಿಯ ಒಬ್ಬ ತರುಣ ಮಾಡಿದ್ದನ್ನು ಎತ್ತಿ ತೋರಿಸಿದರು. ಅವನು ಕಾಗದವನ್ನು ಉದ್ದುದ್ದ ಮಡಿಸಿ ಪರದೆಯಂತೆ ನಿಲ್ಲಿಸಿದ್ದ, ಅಷ್ಟೇ. ಮೆತ್ತನೆಯ ಕಾಗದಕ್ಕೆ ಮಡಿಕೆಯಿಂದಲೇ ಬಿಗಿ ಬಂದು ತಾನಾಗಿ ನಿಲ್ಲುವ ಶಕ್ತಿ ಬಂದಿತ್ತು.

ನಮ್ಮ ದೇಶಕ್ಕೂ ಈ ಪದ್ಧತಿ ಬಂದು ಬಹಳ ಕಾಲವಾಯಿತು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ನಮ್ಮ ಮನೆಗಳ ಚೊಂಬನ್ನು ಶ್ರೇಷ್ಠ ವಿನ್ಯಾಸವೆಂದು ಕೊಂಡಾಡಿದ್ದಾರೆ. ಆ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಾವೆಲ್ಲ ಸಂಜೆ ಕಾದು ಕುಳಿತು ನೋಡುತ್ತಿದ್ದ ದೂರದರ್ಶನದ ಆ ಕಣ್ಣಿನಂತಹ ಲಾಂಛನವನ್ನು ರಚಿಸಿದ ದೇವಾಶಿಸ್ ಭಟ್ಟಾಚಾರ್ಯ ಆಗ ಅಲ್ಲಿಯ ವಿದ್ಯಾರ್ಥಿ. 2010ರಲ್ಲಿ ನಮ್ಮ ರೂಪಾಯಿಗೆ ಚಿಹ್ನೆ ಬಂದದ್ದು ಡಿ. ಉದಯಕುಮಾರ್ ಅವರಿಂದ. ಅವರೂ ಮುಂಬಯಿಯ ಐಐಟಿಯಲ್ಲಿ ವಿನ್ಯಾಸದ ಸಂಶೋಧನೆ ನಡೆಸಿದವರು. ದೇವನಾಗರಿಯ 'ರ' ಮತ್ತು ರೋಮನ್ನಿನ 'ಆರ್' ಎರಡನ್ನೂ ಒಂದೇ ಆಕಾರದಲ್ಲಿ ಕಂಡ ಆ ಕಣ್ಣು ತರಗತಿಯಲ್ಲಿ ಪಳಗಿದ ಕಣ್ಣು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಸೃಜನಶೀಲ ಚಿಂತನೆ ಹುಟ್ಟಿನಿಂದ ಬರುವ ಸೊತ್ತು ಎಂದು ನಂಬಿ ನಾವು ಮೇಷ್ಟ್ರುಗಳು ಆರಾಮವಾಗಿದ್ದುಬಿಟ್ಟೆವು. ಅದು ಕಲಿಸಬಹುದಾದ ವಿದ್ಯೆ. ಮೊದಲ ಉತ್ತರದಲ್ಲಿ ನಿಲ್ಲದಿರುವುದು, ತಪ್ಪಿದ್ದನ್ನು ಅಳಿಸದೆ ಉಳಿಸಿಕೊಳ್ಳುವುದು, ಬೇಗನೆ ತೀರ್ಪು ಕೊಡದಿರುವುದು, ತೊಡಕನ್ನು ಶತ್ರುವೆಂದು ಬಗೆಯದಿರುವುದು: ಇವೇ ಅದರ ಮಗ್ಗಿ. ಮಗ್ಗಿಯನ್ನು ದಿನವೂ ಹೇಳಿಸಿದ ನಾವು ಇದನ್ನು ಒಂದು ದಿನವೂ ಹೇಳಿಸಲಿಲ್ಲ.

ಹಾಗೆಂದು ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಸೃಜನಶೀಲತೆ ತಾನಾಗಿ ಅರಳುತ್ತದೆ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದೇ ಹುಡುಗಿಯ ಇನ್ನೊಂದು ಪುಸ್ತಕದ ತುಂಬ ಕನ್ನಡದ ಅಕ್ಷರಗಳಿದ್ದವು. ಒಂದು 'ಅ'ಕಾರವನ್ನು ಪುಟಗಟ್ಟಲೆ ತಿದ್ದಿದ್ದಾಳೆ. ತಲೆಕಟ್ಟಿನ ಓರೆ ಎಷ್ಟು, ಒತ್ತಕ್ಷರ ಕೆಳಗಿಳಿದಾಗ ಮುಂದಿನ ಸಾಲಿಗೆ ಎಷ್ಟು ಜಾಗ ಬಿಡಬೇಕು ಎಂದು ಅಳೆದು ಅಳೆದು ಬರೆದಿದ್ದಾಳೆ. ನಮ್ಮ ಕಾಪಿ ಪುಸ್ತಕಕ್ಕಿಂತ ಕಠಿಣವಾದ ಶಿಸ್ತು ಅದು. ಮಾದರಿಯನ್ನು ನೋಡಿ ತಿದ್ದುವುದೂ ಬೇಕು, ಮಾದರಿಯಿಲ್ಲದಲ್ಲಿ ಹುಡುಕುವುದೂ ಬೇಕು. ಮೊದಲನೆಯದರಲ್ಲೇ ವಿದ್ಯೆ ಮುಗಿಯಿತೆಂದು ಸಾರಿದ್ದು ನಮ್ಮ ತಪ್ಪು.

"ಅರವತ್ತು ಮಕ್ಕಳ ತರಗತಿಯಲ್ಲಿ, ತಲೆಯ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಕತ್ತಿ ತೂಗುತ್ತಿರುವಾಗ ಇದೆಲ್ಲ ಸಾಧ್ಯವೇ ಸಾರ್?" ಎಂದು ಈಗಲೂ ಸೇವೆಯಲ್ಲಿರುವ ನನ್ನ ಶಿಷ್ಯ ಶಿಕ್ಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಂಠಪಾಠದಿಂದ ದೂರ ಸರಿಯಿರಿ ಎಂದಿತು, 2020ರ ಶಿಕ್ಷಣ ನೀತಿ ಸೃಜನಶೀಲತೆಯ ಹೆಸರು ಹೇಳಿತು; ಆದರೆ ಮಗುವಿನ ಕೈಗೆ ಬರುವುದು ನೀತಿಯಲ್ಲ, ಪ್ರಶ್ನೆಪತ್ರಿಕೆ. ಆದರೂ ವಾರಕ್ಕೊಂದು ಪ್ರಶ್ನೆ, ಹತ್ತೇ ನಿಮಿಷ, ಅಂಕವಿಲ್ಲದೆ ಕೇಳಬಹುದಲ್ಲ? ಎಲೆಗಳು ಬೇರೆ ಬೇರೆ ಆಕಾರದಲ್ಲಿ ಏಕಿವೆ, ಹತ್ತು ಕಾರಣ ಊಹಿಸಿ. ಯಾವುದು ನಿಜವೆಂದು ಆಮೇಲೆ ನೋಡೋಣ. ಇದಕ್ಕೆ ಬೇಕಾದದ್ದು ಸೀಮೆಸುಣ್ಣದ ಒಂದು ತುಂಡು ಮತ್ತು ಮೇಷ್ಟ್ರಿಗೆ ಸ್ವಲ್ಪ ತಾಳ್ಮೆ.

ಇನ್ನೊಂದು ಪ್ರಶ್ನೆಯನ್ನು ನಾನೇ ಅವಳಿಗೆ ಕೇಳಿದೆ. "ಈಗ ಕೃತಕ ಬುದ್ಧಿಮತ್ತೆಗೆ ಹೇಳಿದರೆ ನಿಮಿಷದಲ್ಲಿ ಮೂವತ್ತು ಲಾಂಛನ ಬರೆದು ಕೊಡುತ್ತದಂತೆ. ನಿನ್ನ ಮೂವತ್ತು ಚೌಕಗಳಿಗೆ ಇನ್ನೇನು ಬೆಲೆ?" ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಹೆದರಿಕೆ ಇದೆ ಸಾರ್, ಸುಳ್ಳು ಹೇಳುವುದಿಲ್ಲ. ಸುಲಭದ ಕೆಲಸಗಳು ಹೋಗುತ್ತಿವೆ. ಆದರೆ ಆ ಮೂವತ್ತು ಚಿತ್ರ ಗಿರಾಕಿಗೆಂದು ಬರೆದದ್ದಲ್ಲ. ನನ್ನ ಅಟ್ಟದ ಮೇಲೆ ಏನಿದೆ ಎಂದು ನನಗೆ ಗೊತ್ತಾಗಲಿಕ್ಕೆ ಬರೆದದ್ದು." ಯಂತ್ರ ಲೆಕ್ಕ ಮಾಡುತ್ತದೆಂದು ನಾವು ಮಗುವಿಗೆ ಕೂಡುವುದನ್ನು ಕಲಿಸದೆ ಬಿಡಲಿಲ್ಲ. ಇದೂ ಹಾಗೆಯೇ. ಯಂತ್ರ ಮೂವತ್ತನ್ನು ಮುಂದಿಟ್ಟಾಗ ಅದರಲ್ಲಿ ಯಾವುದು ಎಲ್ಲರದು, ಯಾವುದು ನಮ್ಮದು ಎಂದು ಗುರುತಿಸಬೇಕಾದರೂ ತಾನು ಒಮ್ಮೆ ಮೂವತ್ತನ್ನು ಬರೆದಿರಬೇಕು.

ಕೊನೆಗೊಂದು ಮಾತು. ಹೊರಡುವಾಗ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಬಹುದಿನದಿಂದ ಮನಸ್ಸಿನಲ್ಲಿದ್ದ ಒಂದು ಸಂಗತಿ ಕೇಳಿದೆ. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ದಾಸವಾಳ ಹೂವಿನ ಉದ್ದ ಸೀಳಿಕೆಯ ಚಿತ್ರ ಬರೆಯಲು ಕೊಟ್ಟಿದ್ದೆ. ಎಲ್ಲರೂ ಪುಸ್ತಕದ ನೆಟ್ಟಗಿನ ಹೂವನ್ನು ಬರೆದಿದ್ದರು. ಇವಳೊಬ್ಬಳು ಮನೆಯ ಗಿಡದ ಹೂವನ್ನು ಬ್ಲೇಡಿನಿಂದ ಸೀಳಿ, ಅದು ಹೇಗೆ ಬಾಗಿತ್ತೋ ಹಾಗೆಯೇ, ಮುದುರಿದ ಒಂದು ದಳದೊಂದಿಗೆ ಬರೆದಿದ್ದಳು. ಶಲಾಕೆಯ ತುದಿಯ ಐದು ಕವಲುಗಳೂ ಇದ್ದವು, ಕೊಳವೆಯ ಸುತ್ತಲಿನ ಕೇಸರಗಳೂ ಇದ್ದವು, ಹೆಸರುಗಳೆಲ್ಲ ಸರಿಯಾಗಿದ್ದವು. ನಾನು ನಾಲ್ಕಕ್ಕೆ ಎರಡು ಕೊಟ್ಟು ಕೆಂಪು ಶಾಯಿಯಲ್ಲಿ "ಪುಸ್ತಕದಲ್ಲಿರುವಂತೆ ಬರೆ" ಎಂದು ಬರೆದಿದ್ದೆ. "ಅದು ನಿನಗೆ ನೆನಪಿದೆಯೇನಮ್ಮ?" ಎಂದೆ.

ನಕ್ಕಳು. "ನೆನಪಿದೆ ಸಾರ್. ಅಂದಿನಿಂದ ನಾನು ಎರಡೆರಡು ಚಿತ್ರ ಬರೆಯುವುದನ್ನು ಕಲಿತೆ. ಒಂದು ಪರೀಕ್ಷೆಗೆ, ಒಂದು ನನಗೆ."

ಅವಳು ಅದನ್ನು ನೋವಿನಿಂದ ಹೇಳಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಬಸ್ಸಿಗೆ ಹೊರಟುಹೋದಳು. ಆದರೆ ನನಗೆ ಅಂದಿನಿಂದ ಒಂದೇ ಯೋಚನೆ. ತನಗೆಂದು ಎರಡನೆಯ ಚಿತ್ರ ಬರೆಯುವ ಹಠ ಅವಳಲ್ಲಿತ್ತು, ಬರೆದಳು. ನನ್ನ ಕೆಂಪು ಶಾಯಿ ಕಂಡು ಅಲ್ಲಿಗೇ ನಿಲ್ಲಿಸಿಬಿಟ್ಟ ಮಕ್ಕಳು ಎಷ್ಟು ಮಂದಿಯೋ?

ನಿಮ್ಮಲ್ಲಿ ಅಂತಹವರು ಇದ್ದರೆ ಸಂಕೋಚಪಡದೆ ನನಗೆ ಬರೆಯಿರಿ. ಆ ಎರಡು ಅಂಕಗಳನ್ನು ಈಗ ಹಿಂದಿರುಗಿಸಲಾರೆ. ಆದರೆ ಬಾಗಿದ ಹೂವನ್ನು ಬಾಗಿದಂತೆಯೇ ಬರೆದ ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಕರೆದುಕೊಂಡು ಬನ್ನಿ. ಅಂಗಳದಲ್ಲಿ ದಾಸವಾಳ ಈಗಲೂ ಬಿಡುತ್ತಿದೆ.

ಎಲ್ಲರಿಗೂ ಒಳಿತಾಗಲಿ.